ಬಹುಮಾನ ಬಾರದವರು

ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿರುವವನಿಗೆ ರಾಜೇಂದ್ರ ಗಂಜಿನ ದಾರಿಯನ್ನು ಯಾರೂ ತೋರಿಸಬೇಕಾದುದಿಲ್ಲ. ಜನಪ್ರವಾಹವೇ ಅವನನ್ನು ಅಲ್ಲಿಗೆ ಒಯ್ದು ಮುಟ್ಟಿಸುತ್ತದೆ. ಮುನ್ನೂರು ಕಾಪು ಸಮಾಜದವರು ಎರಡು ದಶಕಗಳಿಗೂ ಮೇಲ್ಪಟ್ಟು ನಡೆಸಿಕೊಂಡು ಬಂದಿರುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲನ್ನು ಎಳೆಯುವ ಸ್ಪರ್ಧೆಯೇ ಮುಖ್ಯವಾದುದು. ನಮ್ಮ ಜಿಲ್ಲೆಯ ಎತ್ತುಗಳಲ್ಲದೆ ಆಂಧ್ರ ತೆಲಂಗಾಣಗಳ ಎತ್ತುಗಳೂ ಬರುತ್ತವೆ. ಕೋಡುಗಳಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ. ಹಿಂದೆ ಒಡೆಯನ ಊರಿಗೆ ಊರೇ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವುದು, ಮುಂದಾದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷ ಯಾವ ಬೆಳೆ ಚೆನ್ನಾಗಿ ಬಂದೀತೆಂದು ಊಹಿಸುವುದು ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಪಟ್ಟಣದವರು ಅದರ ಪಕ್ಕದಲ್ಲಿ ಒಂದು ಪಂದ್ಯವನ್ನಿಟ್ಟರು. ಆ ಪಂದ್ಯ ಮೂರು ರಾಜ್ಯದ ಜನರನ್ನು ಒಂದು ಅಂಗಳಕ್ಕೆ ತಂದಿತು.

ನಾನು ಕನ್ನಡ ಅಧ್ಯಾಪಕ. ಎತ್ತಿನ ವಿಷಯದಲ್ಲಿ ನನ್ನ ಪಾಂಡಿತ್ಯವು ಹಳಗನ್ನಡ ಕಾವ್ಯಗಳಲ್ಲಿ ಬರುವ ವೃಷಭಗಳಿಂದಾಚೆಗೆ ಹೋಗದು. ಆದರೂ ಮೂರು ವರ್ಷದ ಕೆಳಗೆ ಆ ಗುಂಪಿನಲ್ಲಿ ನಾನೂ ಇದ್ದೆ. ನನ್ನ ಪಕ್ಕದಲ್ಲಿ ಮಾನ್ವಿಯ ಕಡೆಯ ರೈತರೊಬ್ಬರು ತಮ್ಮ ಎತ್ತುಗಳ ಮೈ ಒರೆಸುತ್ತ ನಿಂತಿದ್ದರು. ಅವರ ಜೋಡಿ ಆಗಷ್ಟೆ ಎಳೆದು ಬಂದಿತ್ತು. ಏನಾಯಿತೆಂದು ಕೇಳಿದೆ.

“ಎಲ್ಲಿ ಗೆಲ್ತಾವ್ರಿ ಮಾಸ್ತರ್ರೆ, ಅಲ್ಲೆ ಬಂದಾವ ನೋಡ್ರಿ, ಆನೆಯಂಥಾವು,” ಎಂದು ಅವರು ನಕ್ಕರು. ಸೋಲಿನಿಂದ ಮುಖವೇನೂ ಬಾಡಿರಲಿಲ್ಲ. ಹಾಗಾದರೆ ಇಷ್ಟು ದೂರ ಲಾರಿಯ ಬಾಡಿಗೆ ಕೊಟ್ಟು ಬಂದುದು ದಂಡವಾಯಿತಲ್ಲವೆ ಎಂದೆ. ಅವರು ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದರು. “ದಂಡ ಯಾಕ್ರಿ? ನಮ್ಮೆತ್ತು ಎಷ್ಟು ಫೂಟು ಎಳದ್ವು ಅಂತ ಮೈಕಿನ್ಯಾಗ ಹೇಳಿದ್ರಲ್ರಿ. ಊರವರೆಲ್ಲ ಕೇಳ್ಯಾರ. ಮುಂದಿನ ವರ್ಷ ಅದಕ್ಕಿಂತ ಹತ್ತು ಫೂಟು ಹೆಚ್ಚು ಎಳೀಬೇಕ್ರಿ, ಅಷ್ಟ.”

ಈ ಮಾತು ನನ್ನ ಎದೆಗೆ ನೇರವಾಗಿ ಬಂದು ತಾಗಿತು. ಅದಕ್ಕೆ ಕಾರಣವಿತ್ತು. ಆ ಹಬ್ಬಕ್ಕೆ ಕೆಲವು ತಿಂಗಳ ಮುಂಚೆ ನಾನೂ ಒಂದು ಸ್ಪರ್ಧೆಯನ್ನು ನಡೆಸಿದ್ದೆ, ಕಲ್ಲಿನದಲ್ಲ, ಕಥೆಯದು. ಅದರಿಂದ ನಾನು ಪಡೆದುದಕ್ಕಿಂತ ಕಳೆದುಕೊಂಡುದೇ ಹೆಚ್ಚು.

ಸಂಗತಿ ಹೀಗೆ. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಊರುಗಳಲ್ಲಿ ಓದುವ ಗೀಳಿದ್ದ ಇಪ್ಪತ್ತಮೂರು ಮಂದಿ ನಾವು ಒಂದು ಬಳಗವನ್ನು ಮಾಡಿಕೊಂಡಿದ್ದೆವು. ಊರಿಂದೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ವಾರವಾರವೂ ಕೂಡುವುದು ಆಗದ ಮಾತು. ಆದುದರಿಂದ ಮೊಬೈಲಿನ ವಾಟ್ಸ್‌ಆ್ಯಪಿನಲ್ಲಿಯೇ ನಮ್ಮ ಕೂಟ. ಯಾರಾದರೂ ಒಂದು ಪುಸ್ತಕದ ಮೇಲೆ ನಾಲ್ಕು ಮಾತು ಬರೆಯುವರು, ಉಳಿದವರು ಒಪ್ಪುವರು ಅಥವಾ ಜಗಳ ಕಾಯುವರು. ಇಬ್ಬರು ಶಾಲಾ ಶಿಕ್ಷಕಿಯರು, ಒಬ್ಬರು ಔಷಧದ ಅಂಗಡಿಯವರು, ಒಬ್ಬ ಬಸ್ ನಿರ್ವಾಹಕರು, ನಾಲ್ಕಾರು ವಿದ್ಯಾರ್ಥಿಗಳು. ಸಂಖ್ಯೆ ಸಣ್ಣದಾದರೂ ಸ್ನೇಹ ದೊಡ್ಡದಿತ್ತು. ನನಗೆ ಮಾತ್ರ ಅಷ್ಟರಿಂದ ತೃಪ್ತಿಯಾಗಲಿಲ್ಲ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಕನ್ನಡ ಓದುವವರು ಇಪ್ಪತ್ತಮೂರೇ ಜನರೆ? ಬಳಗವನ್ನು ಬೆಳೆಸಬೇಕು. ಬೆಳೆಸುವುದಕ್ಕೆ ಒಂದು ಕಥಾಸ್ಪರ್ಧೆ. ಮೊದಲ ಬಹುಮಾನ ಮೂರು ಸಾವಿರ ರೂಪಾಯಿ. ಎರಡನೆಯದು ಎರಡು, ಮೂರನೆಯದು ಒಂದು. ಹಣವನ್ನು ನಾವೇ ಕೂಡಿಸಿದೆವು.

ನಮ್ಮ ಕಡೆ ಪಂದ್ಯಕ್ಕೆ ‘ಶರ್ತು’ ಎನ್ನುತ್ತಾರೆ. ನಿಬಂಧನೆಗೂ ಅದೇ ಮಾತು. ಗಾಡಿ ಓಡಿಸುವುದೂ ಶರ್ತೇ, ಹೀಗೆ ಹೀಗೆ ಓಡಿಸಬೇಕೆಂಬುದೂ ಶರ್ತೇ. ನಾನು ನಮ್ಮ ಶರ್ತಿನೊಳಗೆ ಒಂದು ಶರ್ತನ್ನು ಸೇರಿಸಿದೆ: ಕಥೆ ಕಳಿಸುವವರು ಮೊದಲು ಬಳಗಕ್ಕೆ ಸೇರಬೇಕು, ಸೇರುವಾಗ ಮತ್ತಿಬ್ಬರನ್ನು ಕರೆತರಬೇಕು. ಈ ಉಪಾಯ ಹೊಳೆದ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊಸದೊಂದನ್ನು ಕಂಡುಹಿಡಿದೆನೆಂಬ ಹೆಮ್ಮೆ. ಇದನ್ನು ನನಗಿಂತ ನೂರಮೂವತ್ತು ವರ್ಷಕ್ಕೂ ಮೊದಲೇ ಇನ್ನೊಬ್ಬನು ಮಾಡಿ ಮುಗಿಸಿದ್ದನೆಂಬುದು ಆಮೇಲೆ ತಿಳಿಯಿತು.

ಆ ಮಹಾನುಭಾವನ ಹೆಸರು ಆಲ್‌ಫ್ರೆಡ್ ಹಾರ್ಮ್ಸ್‌ವರ್ತ್. ಲಂಡನ್ನಿನಲ್ಲಿ 1888ರಲ್ಲಿ ಆತ ‘ಆನ್ಸರ್ಸ್’ ಎಂಬ ವಾರಪತ್ರಿಕೆಯನ್ನು ತೆಗೆದನು. ಪತ್ರಿಕೆ ಕುಂಟುತ್ತಿತ್ತು. ಮರುವರ್ಷ ಒಂದು ಪಂದ್ಯವನ್ನು ಸಾರಿದನು: ಡಿಸೆಂಬರಿನ ಇಂಥ ದಿನ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಎಷ್ಟು ಬೆಲೆಯ ಬಂಗಾರವಿರುವುದೆಂದು ಊಹಿಸಿರಿ, ಅತಿ ಸಮೀಪದ ಊಹೆಗೆ ಜೀವಮಾನವೆಲ್ಲ ವಾರಕ್ಕೊಂದು ಪೌಂಡು. ಉತ್ತರವನ್ನು ಕಾರ್ಡಿನಲ್ಲಿ ಬರೆದರೆ ಸಾಲದು, ಮನೆಯವರಲ್ಲದ ಐವರ ಸಾಕ್ಷಿಯ ಸಹಿ ಬೇಕು. ಆತನ ಜಾಣತನವೆಲ್ಲ ಇದ್ದುದು ಈ ಐದು ಸಹಿಯಲ್ಲಿ. ಬಂದ ಉತ್ತರಗಳು 7 ಲಕ್ಷಕ್ಕೂ ಮಿಕ್ಕು. ಒಂದೊಂದಕ್ಕೂ ಐದೈದು ಸಹಿಯೆಂದರೆ 35 ಲಕ್ಷ ಸಹಿಗಳು. ಸಹಿ ಹಾಕಿದವನು ಏನಿದು, ಯಾವ ಪತ್ರಿಕೆ ಎಂದು ಕೇಳದೆ ಹಾಕಿಯಾನೆ? ಗೆದ್ದವನು ಒಬ್ಬ ಸಾಮಾನ್ಯ ಸೈನಿಕ. ಹಾರ್ಮ್ಸ್‌ವರ್ತನಿಗೆ ಸಿಕ್ಕಿದುದು ಸಣ್ಣದೊಂದು ಸಾಮ್ರಾಜ್ಯದ ಅಡಿಗಲ್ಲು. 1896ರಲ್ಲಿ ‘ಡೈಲಿ ಮೇಲ್’ ದಿನಪತ್ರಿಕೆಯನ್ನು ಆರಂಭಿಸಿದವನೂ ಆತನೇ.

ಪ್ಯಾರಿಸ್ಸಿನ ‘ಲೋತೋ’ ಎಂಬ ಕ್ರೀಡಾಪತ್ರಿಕೆಯ ಕಥೆ ಇನ್ನೂ ಸ್ವಾರಸ್ಯವಾದುದು. ಎದುರಾಳಿ ಪತ್ರಿಕೆಯನ್ನು ಮುರಿಯಬೇಕೆಂದು ಅದು 1903ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತಿ ಬರುವ ಸೈಕಲ್ ಪಂದ್ಯವೊಂದನ್ನು ಏರ್ಪಡಿಸಿತು. ಅರುವತ್ತು ಜನ ಹೊರಟರು, ಇಪ್ಪತ್ತೊಂದು ಜನ ಮುಟ್ಟಿದರು. ಪತ್ರಿಕೆಯ ಪ್ರಸಾರ 25 ಸಾವಿರದಿಂದ 65 ಸಾವಿರಕ್ಕೆ ಏರಿತು; ಎದುರಾಳಿ ಮರುವರ್ಷವೇ ಬಾಗಿಲು ಹಾಕಿತು. ಮರುವರ್ಷದ ಪಂದ್ಯದಲ್ಲಿ ಮೋಸ ಎಷ್ಟಾಯಿತೆಂದರೆ ಮೊದಲ ನಾಲ್ಕೂ ಸ್ಥಾನದವರನ್ನು ಅನರ್ಹಗೊಳಿಸಬೇಕಾಯಿತು. ಆದರೂ ಪಂದ್ಯ ಸಾಯಲಿಲ್ಲ. ಪತ್ರಿಕೆಯೇ 1944ರಲ್ಲಿ ನಿಂತುಹೋಯಿತು. ಪಂದ್ಯ ಇಂದಿಗೂ ನಡೆದಿದೆ. ದಾರಿಯ ಎರಡೂ ಬದಿಗೆ ನಿಂತು ಕೂಗುವವರಲ್ಲಿ ಎಷ್ಟು ಜನಕ್ಕೆ ಆ ಪತ್ರಿಕೆಯ ಹೆಸರು ಗೊತ್ತಿದ್ದೀತು? ಜಾಹೀರಾತು ಸತ್ತು ಜಾತ್ರೆ ಉಳಿದ ನಿದರ್ಶನ ಇದು.

ಅದಿರಲಿ, ನಮ್ಮ ರಾಯಚೂರಿಗೆ ಬರೋಣ. ಒಂದು ತಿಂಗಳಲ್ಲಿ ಬಳಗದ ಸಂಖ್ಯೆ ಇಪ್ಪತ್ತಮೂರರಿಂದ ಮುನ್ನೂರ ಹತ್ತಕ್ಕೆ ಏರಿತು. ತೊಂಬತ್ತನಾಲ್ಕು ಕಥೆಗಳು ಬಂದವು. ನಾನು ಉಬ್ಬಿಹೋದೆ. ಉಬ್ಬಿದವನಿಗೆ ಸಣ್ಣಪುಟ್ಟ ಲಕ್ಷಣಗಳು ಕಾಣುವುದಿಲ್ಲ. ಪುಸ್ತಕದ ಮಾತು ನಿಂತುಹೋಗಿತ್ತು; “ಫಲಿತಾಂಶ ಯಾವಾಗ ಸರ?” ಎಂಬ ಒಂದೇ ಪ್ರಶ್ನೆ ದಿನಕ್ಕೆ ಹತ್ತು ಸಲ. ಔಷಧದ ಅಂಗಡಿಯವರು ಒಂದು ಕಾದಂಬರಿಯ ಬಗ್ಗೆ ಚೆಲುವಾದ ಟಿಪ್ಪಣಿಯನ್ನು ಬರೆದರೆ ಅದಕ್ಕೆ ಒಂದೇ ಒಂದು ಉತ್ತರವೂ ಬರಲಿಲ್ಲ. ಹಳಬರು ಹೊಸಬರ ನಡುವೆ ಸಂತೆಯಲ್ಲಿ ತಪ್ಪಿಸಿಕೊಂಡವರಂತಾದರು.

ಕಥೆಗಳ ವಿಷಯವನ್ನೂ ಹೇಳಬೇಕು. ಒಂದು ಕಥೆಯನ್ನು ಓದುತ್ತ ಓದುತ್ತ, ಎಲಾ, ಇದನ್ನು ನಾನೇ ತರಗತಿಯಲ್ಲಿ ಪಾಠ ಹೇಳಿದ್ದೇನಲ್ಲ ಎನ್ನಿಸಿತು. ಹೆಸರುಗಳನ್ನು ಮಾತ್ರ ಬದಲಿಸಿದ್ದರು. ಇಂಥವು ನಾಲ್ಕು. ಯಂತ್ರದಿಂದ ಬರೆಯಿಸಿದವು ಇನ್ನೂ ಕೆಲವು. ಅವುಗಳಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ, ಒಂದೂ ಊರಿನ ಹೆಸರಿರಲಿಲ್ಲ. ಬಹುಮಾನ ಒಂದು ಮೊತ್ತವನ್ನು ದಾಟಿದೊಡನೆ ಬರೆಯುವ ಆಸೆಗಿಂತ ಪಡೆಯುವ ಆಸೆ ಮುಂದಾಗುತ್ತದೆ. ಬೇಲಿಯನ್ನು ನಾನೇ ಇಷ್ಟು ಎತ್ತರಕ್ಕೆ ಕಟ್ಟಿ ಹಾರಿದವರನ್ನು ಬಯ್ಯುವುದು ಸಲ್ಲದು. ಅವನ್ನೆಲ್ಲ ಬದಿಗಿಟ್ಟು ನಾವು ಮೂವರು ಕುಳಿತು ಮೂರು ಕಥೆಗಳನ್ನು ಆರಿಸಿದೆವು. ಒಂದು ಭಾನುವಾರ ಮೂರು ಹೆಸರುಗಳನ್ನು ಪ್ರಕಟಿಸಿದೆವು. ಅಭಿನಂದನೆಗಳ ಮಳೆ ಸುರಿಯಿತು. ಮರುವಾರದ ಹೊತ್ತಿಗೆ ಬಳಗದಲ್ಲಿ ಉಳಿದವರು ನೂರನಾಲ್ವತ್ತು; ತಿಂಗಳು ಕಳೆಯುವುದರೊಳಗೆ ಅರುವತ್ತು. ಆ ಅರುವತ್ತರಲ್ಲಿ ಮಾತಾಡುವವರು ಹತ್ತು ಜನವೂ ಇಲ್ಲ. ಹಳೆಯ ಇಪ್ಪತ್ತಮೂವರಲ್ಲಿಯೇ ಐವರು ಹೇಳದೆ ಕೇಳದೆ ಹೊರಟುಹೋಗಿದ್ದರು.

ಆಗಲೇ ಬಂದುದು ಆ ಕರೆ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ. ಪದವಿಯ ಎರಡನೆಯ ವರ್ಷದಲ್ಲಿದ್ದಳು. ಬಳಗವನ್ನು ಬಿಡುವ ಮೊದಲು ಒಂದು ಮಾತು ಕೇಳಬೇಕೆಂದು ಫೋನು ಮಾಡಿದ್ದಳು.

“ಸರ, ಬಹುಮಾನ ಬಂದಿಲ್ಲಂದ್ರ ನನ್ನ ಕಥಿ ಯಾರೂ ಓದಂಗಿಲ್ಲೇನ್ರಿ?”

ನಾನು ಏನೋ ಉತ್ತರಿಸಿದೆ. ಸ್ಪರ್ಧೆಯೆಂದ ಮೇಲೆ ಗೆಲುವು ಸೋಲು ಇದ್ದದ್ದೇ, ಪ್ರಯತ್ನ ಬಿಡಬಾರದು, ಇತ್ಯಾದಿ. ಅಧ್ಯಾಪಕರ ಜೇಬಿನಲ್ಲಿ ಇಂಥ ಚಿಲ್ಲರೆ ಯಾವಾಗಲೂ ಇರುತ್ತದೆ. ಅವಳು “ಹೂಂನ್ರಿ ಸರ” ಎಂದಳು. ಮರುಗಳಿಗೆ ಬಳಗದಿಂದ ಅವಳ ಹೆಸರು ಮರೆಯಾಯಿತು.

ಅಂದು ರಾತ್ರಿ ಕಥೆಗಳ ಕಟ್ಟನ್ನು ಬಿಚ್ಚಿ ಅವಳದನ್ನು ಹುಡುಕಿದೆ. ಗುಳೆ ಹೋಗುವ ಸಂಸಾರದ ಕಥೆ. ತಂದೆ ತಾಯಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟಿದ್ದಾರೆ. ಪಡಿತರ ಚೀಟಿ ಮತ್ತು ಹುಡುಗಿ ಎರಡನ್ನೂ ಅಜ್ಜಿಯ ಹತ್ತಿರ ಬಿಡುತ್ತಾರೆ. ಬಸ್ಸು ಹೊರಟ ಮೇಲೆ ಅಜ್ಜಿ ಎರಡೂ ಇವೆಯೇ ಎಂದು ನೋಡಿಕೊಳ್ಳುತ್ತಾಳೆ. ಇಷ್ಟೇ. ಅಂಚಿನಲ್ಲಿ ನನ್ನ ಕೆಂಪು ಶಾಯಿಯ ಗುರುತುಗಳಿದ್ದವು. ‘ಹೋಗ್ಯಾನ’ ಎಂದಿದ್ದಲ್ಲಿ ‘ಹೋಗಿದ್ದಾನೆ’, ‘ಅದಾವ’ ಎಂದಿದ್ದಲ್ಲಿ ‘ಇವೆ’. ಕೆಳಗೆ ಒಂದು ಷರಾ: ಭಾಷೆ ಶುದ್ಧವಾಗಬೇಕು. ಆ ಷರಾ ನನ್ನ ಕೈಬರಹವೇ. ನಾನು ಹುಟ್ಟಿ ಬೆಳೆದುದು ಮಾನ್ವಿಯಲ್ಲಿ. ನನ್ನ ತಾಯಿ ತನ್ನ ಜೀವಮಾನದಲ್ಲಿ ಒಂದು ಸಲವೂ ‘ಹೋಗಿದ್ದಾನೆ’ ಎಂದವಳಲ್ಲ.

ಗಂಜಿನ ರೈತರ ಮಾತು ತಾಗಿದುದು ಈ ಗಾಯದ ಮೇಲೆ. ಕಲ್ಲು ಎಳೆದ ಪ್ರತಿಯೊಂದು ಜೋಡಿಯ ಅಳತೆಯೂ ಅಲ್ಲಿ ಧ್ವನಿವರ್ಧಕದಲ್ಲಿ ಕೇಳಿಬಂದಿತ್ತು. ನಮ್ಮ ಸ್ಪರ್ಧೆಯಲ್ಲಿ ಮೂವರದು ಮಾತ್ರ ಕೇಳಿಬಂದಿತು. ತೊಂಬತ್ತು ಜನ ಎಳೆದ ಕಲ್ಲು ಎಲ್ಲಿಯವರೆಗೆ ಬಂದಿತ್ತೆಂದು ಯಾರೂ ಹೇಳಲಿಲ್ಲ. ಮಾನ್ವಿಯವನಾದ ನನಗೆ ಇದು ಮೊದಲೇ ತಿಳಿಯಬೇಕಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ನಾವು. ಕಾಲುವೆಗೆ ನೀರು ಬಿಟ್ಟಿದ್ದಾರೆಂಬುದನ್ನು ಪತ್ರಿಕೆಯಲ್ಲಿ ಓದುತ್ತೇವೆ. ಹೊಲಕ್ಕೆ ಅದು ಬರುವುದು ಮೇಲಿನವರ ಭತ್ತದ ಗದ್ದೆ ಕುಡಿದು ಮಿಕ್ಕರೆ. ಮೂರು ಬಹುಮಾನದ ಸ್ಪರ್ಧೆಯೂ ಅಂಥದೇ ಕಾಲುವೆ.

* * *

ನನ್ನ ದೊಡ್ಡಪ್ಪನವರು 1953ರ ಸುಮಾರಿಗೆ ರಾಯಚೂರಿನಲ್ಲಿ ಓದುತ್ತಿದ್ದರು. ಆಗ ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿದುದು. ಕನ್ನಡ ರಾಜ್ಯಕ್ಕೆ ಬಂದುದು 1956ರ ನವೆಂಬರಿನಲ್ಲಿ. ಕೇಂದ್ರದ ಮಂತ್ರಿಗಳಾಗಿದ್ದ ಬಿ. ವಿ. ಕೇಸ್ಕರರು ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಹಾಕಿದ ಕಾಲ ಅದು. ಆಕಾಶವಾಣಿ ಬಿಟ್ಟುಕೊಟ್ಟ ಶ್ರೋತೃಗಳನ್ನು ರೇಡಿಯೋ ಸಿಲೋನ್ ಎತ್ತಿಕೊಂಡಿತು. 1952ರ ಡಿಸೆಂಬರ್ 3ರಂದು ಅಲ್ಲಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಅದು ಮೊದಲಿಗೆ ಒಂದು ಸ್ಪರ್ಧೆಯಾಗಿತ್ತೆಂಬುದು ಈಗ ಹಲವರಿಗೆ ಮರೆತಿದೆ. ಏಳು ಹಾಡುಗಳನ್ನು ಹಿಂದು ಮುಂದಾಗಿ ಹಾಕುವರು. ಜನಪ್ರಿಯತೆಯ ಕ್ರಮದಲ್ಲಿ ಅವನ್ನು ಜೋಡಿಸಿ ಬರೆದು ಕಳಿಸಬೇಕು. ಸರಿಯಾದ ಉತ್ತರಕ್ಕೆ ನೂರು ರೂಪಾಯಿ. ಮೊದಲ ವಾರದ ಕಾರ್ಯಕ್ರಮಕ್ಕೇ 9 ಸಾವಿರ ಪತ್ರಗಳು ಬಂದವು. ವರ್ಷದೊಳಗೆ ವಾರಕ್ಕೆ 65 ಸಾವಿರ. ಪತ್ರಗಳನ್ನು ಬಿಡಿಸಿ ಓದುವುದೇ ಅಸಾಧ್ಯವಾಯಿತು. 1954ರಲ್ಲಿ ಸ್ಪರ್ಧೆಯನ್ನು ನಿಲ್ಲಿಸಿ, ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತ ಹೋಗುವ ಪದ್ಧತಿಯನ್ನು ತಂದರು.

ಬಹುಮಾನ ನಿಂತರೆ ಜನ ಹೋಗಬೇಕಾಗಿತ್ತಷ್ಟೆ. ಹೋಗಲಿಲ್ಲ. ಊರೂರಿನಲ್ಲಿ ಶ್ರೋತೃಗಳ ಸಂಘಗಳು ಹುಟ್ಟಿಕೊಂಡವು. ಹಾಡುಗಳ ಸ್ಥಾನವನ್ನು ನಿರ್ಣಯಿಸುವುದರಲ್ಲಿ ಆ ಸಂಘಗಳ ಮತಕ್ಕೂ ಬೆಲೆ ಬಂದಿತು. ಝುಮ್ರಿ ತಲೈಯಾ ಎಂಬ ಊರನ್ನು ಯಾರೂ ಕಾಣದಿದ್ದರೂ ಅದರ ಹೆಸರನ್ನು ಭಾರತವೆಲ್ಲ ಕೇಳಿತು, ಅಲ್ಲಿಯ ಕೇಳುಗರು ಬರೆದ ಪತ್ರಗಳ ದೆಸೆಯಿಂದ. ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಎಂಬತ್ತೈದು ದಾಟಿದ ನನ್ನ ದೊಡ್ಡಪ್ಪನವರು ಅಂದು ಊಟ ಮಾಡಲಿಲ್ಲ. ಸ್ಟೇಷನ್ನಿನ ಹತ್ತಿರದ ಹೋಟೆಲಿನ ರೇಡಿಯೋ ಮುಂದೆ ಬುಧವಾರದ ರಾತ್ರಿ ಒಂದು ಕಪ್ಪು ಚಹಾದ ಮೇಲೆ ಕುಳಿತು ಅವರು ಎಷ್ಟೋ ಸಲ ಉತ್ತರ ಕಳಿಸಿದ್ದರಂತೆ. ಬಂತೆ ಎಂದು ಕೇಳಿದೆ. “ಎಲ್ಲೀದೋ! ಆ ನೂರು ರೂಪಾಯಿ ಯಾರಿಗೆ ಹೋತೋ ಏನೋ. ಆದ್ರ ಅಂವಾ ‘ಬೆಹನೋ ಔರ್ ಭಾಯಿಯೋ’ ಅಂದಾಗೆಲ್ಲ ನನಗ ಅಂದಂಗ ಅನಸ್ತಿತ್ತು.”

ಹಾರ್ಮ್ಸ್‌ವರ್ತನೂ ನಾನೂ ಎಣಿಸಿದುದು ಎಷ್ಟು ಜನ ಒಳಗೆ ಬಂದರೆಂಬುದನ್ನು. ಸಯಾನಿಯವರು ಬಂದವರನ್ನು ಮಾತಾಡಿಸಿದರು.

ಈ ನೆಲಕ್ಕೇ ಇನ್ನೂ ಹಳೆಯ ಪಾಠಗಳಿವೆ. ನಿಜಾಮರ ಕಾಲದಿಂದ ರಾಯಚೂರಿನವರಿಗೆ ಮುಷಾಯಿರಾ ಪರಿಚಿತವಾದುದು. ಅದರಲ್ಲಿ ತರಹೀ ಮುಷಾಯಿರಾ ಎಂಬುದೊಂದುಂಟು. ಕೂಟ ನಡೆಸುವವರು ಮುಂಚಿತವಾಗಿಯೇ ಒಂದು ಸಾಲನ್ನು ಕೊಟ್ಟಿರುತ್ತಾರೆ. ಅದೇ ಲಯ, ಅದೇ ಪ್ರಾಸದಲ್ಲಿ ಎಲ್ಲ ಕವಿಗಳೂ ಗಜಲನ್ನು ಕಟ್ಟಿ ತರಬೇಕು. ನಮ್ಮ ಸಮಸ್ಯಾಪೂರ್ತಿಯ ಸೋದರಸಂಬಂಧಿಯೆನ್ನಬಹುದು. ಜಿದ್ದು ಇದ್ದೇ ಇರುತ್ತದೆ; ಆದರೆ ದೀಪ ಪ್ರತಿಯೊಬ್ಬನ ಮುಂದೆಯೂ ಬರುತ್ತದೆ, ಕಿರಿಯನೂ ಓದುತ್ತಾನೆ, ಹಿರಿಯನೂ ಓದುತ್ತಾನೆ. ಉರ್ದುವಿನ ಈ ಗಜಲನ್ನು ಕನ್ನಡಕ್ಕೆ ಒಗ್ಗಿಸಿದವರಲ್ಲಿ ನಮ್ಮ ಹೆಂಬೆರಾಳಿನ ಶಾಂತರಸರ ಹೆಸರು ದೊಡ್ಡದು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು.

ದಾಸರ ವಿಚಾರವನ್ನು ಇಲ್ಲಿ ತರುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸೀತು. ಆದರೆ ಈ ಮೂರು ಊರುಗಳ ಮಾತೆತ್ತಿ ಅವರನ್ನು ಬಿಡುವುದು ಹೇಗೆ? ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಬ್ಯಾಗವಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಹದಿನೆಂಟನೆಯ ಶತಮಾನದಲ್ಲಿ ಇಷ್ಟು ಹತ್ತಿರದ ಹಳ್ಳಿಗಳಲ್ಲಿ ಇಷ್ಟು ದೊಡ್ಡ ಬಳಗ ಹೇಗೆ ಬೆಳೆಯಿತು? ಸ್ಪರ್ಧೆಯಿಂದಲ್ಲ. ಗುರುವಿನಿಂದ ಅಂಕಿತ ದೊರೆಯುತ್ತಿತ್ತು: ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಹಾಡಿನ ಕೊನೆಯಲ್ಲಿ ಆ ಮುದ್ರೆ ಬಿದ್ದರೆ ಇದು ಇಂಥವರದೆಂದು ಲೋಕಕ್ಕೆ ತಿಳಿಯುತ್ತದೆ. ಅಂಕಿತಗಳಲ್ಲಿ ಮೊದಲನೆಯದು, ಎರಡನೆಯದು ಎಂಬುದಿಲ್ಲ. ಪಂಡಿತರಾಗಿದ್ದ ಜಗನ್ನಾಥದಾಸರು ಮೊದಮೊದಲು ಕನ್ನಡದ ದಾಸರನ್ನು ಹಗುರವಾಗಿ ಕಂಡರೆಂದೂ ಅದಕ್ಕಾಗಿ ಬಹಳ ನವೆದರೆಂದೂ ಐತಿಹ್ಯ. ಕೆಂಪು ಶಾಯಿಯ ಅಧ್ಯಾಪಕನಿಗೆ ಆ ಐತಿಹ್ಯ ಸ್ವಲ್ಪ ಚುಚ್ಚಿದರೆ ಆಶ್ಚರ್ಯವಲ್ಲ.

ಇನ್ನು ನಮ್ಮ ಕಾಲದ ಒಂದು ಉದಾಹರಣೆ. ಕನ್ನಡ ವಿಕಿಪೀಡಿಯ ಆರಂಭವಾದುದು 2003ರಲ್ಲಿ. ಸಂಬಳವಿಲ್ಲದೆ ಬರೆಯುವವರ ಬಳಗ ಅದು. ಬಳಗವನ್ನು ಬೆಳೆಸಲು ಅಲ್ಲಿಯೂ ಲೇಖನಸ್ಪರ್ಧೆಗಳುಂಟು. 2018ರಲ್ಲಿ ‘ಪ್ರಾಜೆಕ್ಟ್ ಟೈಗರ್’ ಎಂಬ ಹೆಸರಿನಲ್ಲಿ ಭಾರತೀಯ ಭಾಷೆಗಳ ನಡುವೆಯೇ ಒಂದು ಪಂದ್ಯ ನಡೆಯಿತು. ಪಂಜಾಬಿಯವರು ಗೆದ್ದರು, ಮುಂದೆ 2019–20ರಲ್ಲಿ ಎರಡನೆಯ ಸಲ ನಡೆದಾಗ ತಮಿಳರು. ನಮ್ಮವರೇಕೆ ಗೆಲ್ಲಲಿಲ್ಲವೆಂದು ನಾನೂ ಕೊರಗಿದವನೇ. ಆದರೆ ಆ ಪಂದ್ಯದ ಎರಡು ಏರ್ಪಾಡುಗಳು ಗಮನಾರ್ಹವಾದುವು. ಪಂದ್ಯಕ್ಕೆ ಮೊದಲೇ, ದುಡಿಯುವ ಲೇಖಕರಿಗೆ ಲ್ಯಾಪ್‌ಟಾಪುಗಳನ್ನೂ ಇಂಟರ್ನೆಟ್ಟಿನ ಖರ್ಚನ್ನೂ ಕೊಡಮಾಡಿದರು. ಗೆದ್ದ ಮೇಲೆ ದೊಡ್ಡ ಬಹುಮಾನವು ಒಬ್ಬ ವ್ಯಕ್ತಿಗಲ್ಲದೆ ಒಂದು ಭಾಷೆಯ ಬಳಗಕ್ಕೆ, ಅದೂ ತರಬೇತಿಯ ಶಿಬಿರದ ರೂಪದಲ್ಲಿ ದೊರೆಯಿತು. ದೇವದುರ್ಗದ ಹುಡುಗಿ ತನ್ನ ಕಥೆಯನ್ನು ಅಣ್ಣನ ಮೊಬೈಲಿನಲ್ಲಿ, ಅವನು ಮಲಗಿದ ಮೇಲೆ ಟೈಪು ಮಾಡಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು. ಮೂರು ಸಾವಿರಕ್ಕಿಂತ ಮೊದಲು ಅವಳಿಗೆ ಬೇಕಾದುದು ಬೇರೆ ಇತ್ತು.

* * *

ಮರುವರ್ಷ ನಾವು ಶರ್ತನ್ನು ಬದಲಾಯಿಸಿದೆವು. ಯಾರೂ ಯಾರನ್ನೂ ಕರೆತರಬೇಕಾದುದಿಲ್ಲ. ಕಥೆಗೆ ಒಂದು ಆರಂಭದ ವಾಕ್ಯವನ್ನು ತರಹೀ ಪದ್ಧತಿಯಂತೆ ನಾವೇ ಕೊಟ್ಟೆವು. ಕದ್ದ ಕಥೆಗಳ ಕಾಟ ಅದರಿಂದಲೇ ಬಹುಮಟ್ಟಿಗೆ ತಪ್ಪಿತು. ಕಥೆ ಕಳಿಸಿದವನು ಬೇರೆ ಮೂವರ ಕಥೆಗಳನ್ನು ಓದಿ ಒಬ್ಬೊಬ್ಬರಿಗೂ ಒಂದು ಪುಟದ ಪತ್ರವನ್ನು ಬರೆಯಬೇಕು. ಬರೆಯದವನ ಕಥೆಯನ್ನು ಪರಿಶೀಲಿಸುವುದಿಲ್ಲ. ಬಹುಮಾನ ಪುಸ್ತಕಗಳು. ಭಾಷೆಯ ಬಗ್ಗೆ ಒಂದೇ ನಿಯಮ: ಪಾತ್ರ ಯಾವ ಊರಿನದೋ ಮಾತು ಆ ಊರಿನದು.

ಬಂದ ಕಥೆಗಳು ನಾಲ್ವತ್ತೊಂದು. ಹೋದ ವರ್ಷದ ತೊಂಬತ್ತನಾಲ್ಕನ್ನು ನೆನೆದು ಔಷಧದ ಅಂಗಡಿಯವರು, “ವ್ಯಾಪಾರ ಇಳೀತಲ್ರಿ ಸರ” ಎಂದು ಚೇಷ್ಟೆ ಮಾಡಿದರು. ಪತ್ರಗಳು ಮಾತ್ರ ನೂರಕ್ಕೂ ಮಿಕ್ಕಿ ಓಡಾಡಿದವು. ಬಸ್ ನಿರ್ವಾಹಕರು ಬರೆದ ಒಂದು ಪತ್ರ ಅವರ ಕಥೆಗಿಂತ ಮೇಲಾಗಿತ್ತು. ಎಲ್ಲವೂ ಚೆನ್ನಾಗಿ ನಡೆಯಿತೆಂದು ಹೇಳಲಾರೆ. ಮುಷಾಯಿರಾದ ಗುಣದೊಡನೆ ಅದರ ದೋಷವೂ ಬಂದಿತು: ವಾಹ್ ವಾಹ್! ನೀನು ನನ್ನನ್ನು ಹೊಗಳು, ನಾನು ನಿನ್ನನ್ನು. ಎರಡು ತಿಂಗಳು ಬಳಗದಲ್ಲಿ ಕೆಟ್ಟ ಕಥೆಯೆಂಬುದೇ ಇರಲಿಲ್ಲ. ಕೊನೆಗೆ ಇಬ್ಬರು ಶಿಕ್ಷಕಿಯರಲ್ಲಿ ಹಿರಿಯರಾದವರು ಒಂದು ಕಥೆಯನ್ನು ಎತ್ತಿಕೊಂಡು ಅದೇಕೆ ಸೋತಿತೆಂದು ಸಾಲುಸಾಲಾಗಿ ತೋರಿಸಿದರು. ಬರೆದವನು ಮುನಿಸಿಕೊಂಡು ಹೋದನು. ಹದಿನೈದು ದಿನಕ್ಕೆ ಮರಳಿ ಬಂದನು. ಆದುದರಿಂದ ಮೊದಲನೆಯದು, ಎರಡನೆಯದು ಎಂದು ಆರಿಸುವುದನ್ನು ನಾವು ಬಿಟ್ಟಿಲ್ಲ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಂದ ದಶಕಗಳ ಕಾಲ ಕನ್ನಡಕ್ಕೆ ಎಷ್ಟು ಕಥೆಗಾರರು ಬಂದಿಲ್ಲ! ಬಹುಮಾನದ ಕಥೆಯ ಕೆಳಗೆ ‘ಮೆಚ್ಚುಗೆ ಪಡೆದ ಕಥೆಗಳು’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾದ ತನ್ನ ಹೆಸರನ್ನು ಕತ್ತರಿಸಿ ಇಟ್ಟುಕೊಂಡವನು ನಾನೂ ಒಬ್ಬ.

ಆ ಹುಡುಗಿಗೆ ನಾನು ಎರಡು ಪುಟದ ಪತ್ರ ಬರೆದೆ, ಮೊಬೈಲಿನಲ್ಲಲ್ಲ, ಅಂಚೆಯಲ್ಲಿ. ಅಜ್ಜಿ ನೋಡಿಕೊಳ್ಳುವ ಕೊನೆಯ ವಾಕ್ಯವನ್ನು ಯಾಕೆ ಮುಟ್ಟಬಾರದೆಂದು ಬರೆದೆ. ನಡುವಿನ ಒಂದು ಪ್ಯಾರಾ ಬೇಡವೆಂದೂ ಬರೆದೆ. ಕೆಂಪು ಶಾಯಿಗೆ ಕ್ಷಮೆ ಕೇಳಿದೆ. ಮೂರು ತಿಂಗಳು ಉತ್ತರವಿಲ್ಲ. ಆಮೇಲೆ ಒಂದು ಲಕೋಟೆ ಬಂದಿತು. ಒಳಗೆ ನನ್ನದೇ ಪತ್ರದ ಪ್ರತಿ. ಅದರಲ್ಲಿ ಎರಡು ಕಡೆ ಕೆಂಪು ಗೆರೆ. ‘ತಮ್ಮ ಕಥೆಯಲ್ಲಿ ಕಂಡುಬರುವ ಗ್ರಾಮೀಣ ಸೊಗಡು’ ಎಂದು ನಾನು ಬರೆದಿದ್ದುದರ ಕೆಳಗೆ ಒಂದು ಗೆರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ನಡುವಿನ ಪ್ಯಾರಾದ ಮಾತಿಗೆ ಇನ್ನೊಂದು: “ಇದು ತಗೀಲಾಕ ಬರಂಗಿಲ್ರಿ ಸರ. ನಮ್ಮಪ್ಪ ಮಾತಾಡೋದು ಇದೊಂದ ಕಡಿ ಅದ.” ಮತ್ತೆ ಓದಿ ನೋಡಿದೆ. ಅವಳ ಮಾತೇ ಸರಿ.

ಲಕೋಟೆಯಲ್ಲಿ ಬೇರೆ ಮೂವರ ಕಥೆಗಳೂ ಇದ್ದವು. ಅವಳ ಊರಿನ ಇಬ್ಬರು ಹುಡುಗಿಯರದು, ಮೂರನೆಯದು ಅವಳ ಅಣ್ಣನದು. ಸ್ಪರ್ಧೆಯ ಅವಧಿ ಮುಗಿದು ಎಷ್ಟೋ ದಿನವಾಗಿತ್ತು. ಇವನ್ನು ಯಾವ ಲೆಕ್ಕದಲ್ಲಿ ಸೇರಿಸುವುದೆಂದು ಬಳಗದಲ್ಲಿ ಒಂದು ಸಂಜೆಯೆಲ್ಲ ಚರ್ಚೆಯಾಯಿತು. ಬರುವ ಎರಡನೆಯ ಭಾನುವಾರ ದೇವದುರ್ಗ‌ದಲ್ಲಿಯೇ ಕೂಡುವುದೆಂದೂ ನಾಲ್ಕು ಕಥೆಗಳನ್ನೂ ಬರೆದವರಿಂದಲೇ ಓದಿಸುವುದೆಂದೂ ಕೊನೆಗೆ ನಿಶ್ಚಯವಾಗಿದೆ. ಮಾನ್ವಿಯವರು ಹೊತ್ತಿಗೆ ಮುಂಚೆ ಹೊರಡಬೇಕು. ಹಳ್ಳಿಗೆ ಮರಳುವ ಹುಡುಗಿಯರಿಗೆ ಕೊನೆಯ ಬಸ್ಸು ಸಂಜೆ ಆರಕ್ಕಂತೆ. ನಮ್ಮ ನಿರ್ವಾಹಕರು ಅದನ್ನು ವಿಚಾರಿಸಿ ತಿಳಿಸಿದ್ದಾರೆ.